ಪಿಯುಸಿ ಫಿಸಿಕ್ಸ್ ಲೆಕ್ಕ: ಸಿಕ್ಕಿಹಾಕಿಕೊಂಡ ಸಾಲು ತೋರಿಸಿ ಕೇಳಿ

ಮಂಡ್ಯ, ಮೈಸೂರು ಕಡೆಯ ಫಸ್ಟ್ ಪಿಯುಸಿ ಮಕ್ಕಳು ಲೆಕ್ಕ ಕೇಳುವ ರೀತಿ ಹೆಚ್ಚುಕಡಿಮೆ ಒಂದೇ. ಪ್ರಶ್ನೆಯ ಫೋಟೊ ವಾಟ್ಸಾಪಿಗೆ ಹಾಕಿ, ಕೆಳಗೆ ‘ಸರ್, ಇದು ಬರ್ತಿಲ್ಲ’. ಮೇಷ್ಟ್ರು ಪೂರ್ತಿ ಬಿಡಿಸಿ ಕಳಿಸಬಹುದು, ಅಷ್ಟೆ. ನೀವು ಎಡವಿದ್ದೆಲ್ಲಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ರಫ್ ಹಾಳೆಯನ್ನೂ, ಹೊಡೆದುಹಾಕಿದ ಸಾಲುಗಳ ಸಮೇತ, ಕಳಿಸಿ.

ಅದಕ್ಕೂ ಮುಂಚೆ ಯೂನಿಟ್ ನೋಡಿಕೊಳ್ಳಿ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಮದ್ದೂರು ದಾಟಿದ ಬಸ್ಸು ಬ್ರೇಕ್ ಹಾಕಿ 50 ಮೀಟರಿನಲ್ಲಿ ನಿಂತಿತು ಅನ್ನಿ. ವೇಗ ಸೆಕೆಂಡಿಗೆ ಎಷ್ಟರಂತೆ ಇಳಿಯಿತು ಅನ್ನುವುದು ಪ್ರಶ್ನೆ. 72ನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರ್. ಅದರ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ: 400/100, ಅಂದರೆ 4 ಮೀ/ಸೆ². 72ನ್ನೇ ಹಾಗೇ ತುಂಬಿಸಿದರೆ 51.84 ಬರುತ್ತದೆ. ಗುರುತ್ವದ ಐದು ಪಟ್ಟು! ಯಾವ ಡ್ರೈವರ್ ಕೈಲೂ ಆಗದ ಬ್ರೇಕ್ ಅದು. ಇಂಥ ತಪ್ಪಿಗೆ ಮೇಷ್ಟ್ರು ಬೇಕಿಲ್ಲ.

ನಿಜವಾಗಿ ಕೇಳಬೇಕಾದ್ದು ಇಳಿಜಾರಿನ ಲೆಕ್ಕದಲ್ಲಿ. 10 ಕೆ.ಜಿ. ಪೆಟ್ಟಿಗೆ, 30 ಡಿಗ್ರಿ ಇಳಿಜಾರು, ಘರ್ಷಣಾ ಗುಣಾಂಕ (ಅದುಮುವ ಬಲದ ಎಷ್ಟು ಪಾಲು ಘರ್ಷಣೆ ಅನ್ನುವ ಸಂಖ್ಯೆ) 0.3. ಕೆಳಕ್ಕೆ ಜಾರುವ ಪೆಟ್ಟಿಗೆಯ ವೇಗೋತ್ಕರ್ಷ, ಅಂದರೆ ವೇಗ ಸೆಕೆಂಡಿಗೆ ಏರುವ ಪ್ರಮಾಣ, ಎಷ್ಟು? ಪೆಟ್ಟಿಗೆಯೊಂದನ್ನೇ ಬಿಡಿಸಿ ಮೂರು ಬಾಣ ಹಾಕಿ: ತೂಕ 98 ನ್ಯೂಟನ್ ನೇರ ಕೆಳಕ್ಕೆ, ಇಳಿಜಾರು ಪೆಟ್ಟಿಗೆಯನ್ನು ತಿರುಗಿ ಒತ್ತುವ ನಾರ್ಮಲ್ ಬಲ ಇಳಿಜಾರಿಗೆ ಲಂಬವಾಗಿ, ಘರ್ಷಣೆ ಇಳಿಜಾರಿನ ಗುಂಟ ಮೇಲಕ್ಕೆ. ತೂಕದಲ್ಲಿ ಇಳಿಜಾರಿನ ಗುಂಟ ಎಳೆಯುವುದು ಸೈನ್ ಪಾಲು, 49. ಅದುಮುವುದು ಕಾಸ್ ಪಾಲು, 84.9; ನಾರ್ಮಲ್ ಬಲವೂ ಅಷ್ಟೇ. ಘರ್ಷಣೆ ಈ 84.9ರ 0.3ರಷ್ಟು, 25.5. ಉಳಿದ 23.5ನ್ನು 10ರಿಂದ ಭಾಗಿಸಿದರೆ ವೇಗೋತ್ಕರ್ಷ 2.35 ಮೀ/ಸೆ².

ಬಹಳ ಜನ ನಾರ್ಮಲ್ ಬಲವನ್ನೂ 98 ಅಂತಲೇ ಬರೆದು 1.96ಕ್ಕೆ ಬಂದು ನಿಲ್ಲುತ್ತಾರೆ. ಸಮತಟ್ಟು ನೆಲದ ಅಭ್ಯಾಸ ಅದು. ಸೈನ್ ಯಾವುದು, ಕಾಸ್ ಯಾವುದು ಅಂತ ಗೊಂದಲವಾದರೆ ಕೋನ ಸೊನ್ನೆ ಮಾಡಿ ನೋಡಿ. ಮಟ್ಟಸ ನೆಲದ ಮೇಲೆ ಪೆಟ್ಟಿಗೆಯನ್ನು ಯಾರೂ ಎಳೆಯುವುದಿಲ್ಲ, ಹಾಗಾಗಿ ಎಳೆಯುವ ಪಾಲು ಸೊನ್ನೆಯಾಗಬೇಕು, ಸೊನ್ನೆಯಾಗುವುದು ಸೈನ್. ಮೊಬೈಲ್ ಕ್ಯಾಲ್ಕುಲೇಟರು ರೇಡಿಯನ್‌ನಲ್ಲಿದ್ದರೆ ಸೈನ್ 30ಕ್ಕೆ ಮೈನಸ್ 0.988 ತೋರಿಸುತ್ತದೆ, ಮೊದಲು ಅದನ್ನು ಡಿಗ್ರಿಗೆ ಹಾಕಿ.

ಈಗ ಮೇಷ್ಟ್ರಿಗೆ ಬರೆಯಿರಿ: ‘ಸರ್, ಬಾಣ ಹಾಕಿದ್ದೀನಿ, ನಾರ್ಮಲ್ 84.9 ಬಂತು, ಘರ್ಷಣೆಯ ದಿಕ್ಕು ಹೇಗೆ ತೀರ್ಮಾನ ಮಾಡೋದು?’ ಎರಡು ನಿಮಿಷದ ಉತ್ತರ ಸಾಕು. ಪರೀಕ್ಷೆಯಲ್ಲೂ ಸೂತ್ರ, ಬೆಲೆ ತುಂಬಿಸಿದ್ದು, ಯೂನಿಟ್ ಸಹಿತ ಉತ್ತರ, ಎಲ್ಲಕ್ಕೂ ಬೇರೆ ಬೇರೆ ಮಾರ್ಕ್ಸ್ ಇರುವುದರಿಂದ ಸಾಲುಸಾಲಾಗಿ ಬರೆಯುವುದು ರೂಢಿಯಾಗಲಿ.

ಅರ್ಥವಾಯಿತಾ ಅಂತ ನೋಡಲು ನೋಟ್ಸ್ ಮುಚ್ಚಿ, ಅದೇ ಲೆಕ್ಕವನ್ನು 15 ಡಿಗ್ರಿಗೆ ಮಾಡಿ. ವೇಗೋತ್ಕರ್ಷ ಸುಮಾರು ಮೈನಸ್ 0.3 ಬರುತ್ತದೆ. ಪೆಟ್ಟಿಗೆ ತಾನಾಗಿ ಇಳಿಜಾರು ಹತ್ತಿತು ಅಂತ ಬರೆದೀರಿ ಮತ್ತೆ! ಸುಮ್ಮನೆ ಇಟ್ಟ ಪೆಟ್ಟಿಗೆ ಅಲ್ಲೇ ಕೂತಿರುತ್ತದೆ. ಎಳೆತ 25.4, ಘರ್ಷಣೆ ತಡೆಯಬಲ್ಲದ್ದು 28.4ರವರೆಗೆ, ಆದರೆ ಅದು ತಡೆಯುವುದು ಬೇಕಾದಷ್ಟನ್ನೇ, 25.4ನ್ನು ಮಾತ್ರ.