ಜೆಸ್ಟ್ ಬರೆದ ಮೇಲೂ ಉಳಿಯುವ ಕೆಲಸ

ನಮ್ಮ ಭೌತಶಾಸ್ತ್ರ ವಿಭಾಗದ ಪ್ರತಿ ಬ್ಯಾಚಿನಲ್ಲೂ ಖಗೋಳದ ಕಡೆ ಮನಸ್ಸಿಟ್ಟವರು ಒಬ್ಬಿಬ್ಬರಾದರೂ ಇರುತ್ತಿದ್ದರು. ಎಂ.ಎಸ್‌ಸಿ. ಮುಗಿಯುವ ಹೊತ್ತಿಗೆ ಅವರಲ್ಲಿ ಅನೇಕರು ಆ ಆಸೆ ಬಿಟ್ಟಿರುತ್ತಿದ್ದರು. ಓದಿನಲ್ಲಿ ಹಿಂದಿದ್ದವರೇನಲ್ಲ, ಪಿಎಚ್‌.ಡಿ. ಅರ್ಜಿ ಎಲ್ಲಿಗೆ, ಯಾವಾಗ, ಹೇಗೆ ಹಾಕಬೇಕೆಂದು ಹೇಳುವವರು ಹತ್ತಿರ ಇರಲಿಲ್ಲ. ವಿಭಾಗದ ನೆನಪುಗಳನ್ನು ಬರೆಯಿರಿ ಎಂದು ಸಂಚಿಕೆಯವರು ಕೇಳಿದಾಗ, ಈಗ ಓದುತ್ತಿರುವವರಿಗೆ ಉಪಯೋಗಕ್ಕೆ ಬರುವುದನ್ನೇ ಬರೆಯೋಣ ಎನಿಸಿತು.

ಈ ವಿಷಯದಲ್ಲಿ ಕರ್ನಾಟಕದವರಿಗೆ ಅನುಕೂಲ ಹೆಚ್ಚು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ (ಐಐಎ), ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್, ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಜಂಟಿ ಖಗೋಳ ಕಾರ್ಯಕ್ರಮ, ಎಲ್ಲವೂ ಬೆಂಗಳೂರಿನಲ್ಲೇ ಇವೆ. ಪುಣೆಯ ಖಗೋಳ ಸಂಸ್ಥೆಗಳಾದ ಐಯುಕಾ ಮತ್ತು ಎನ್‌ಸಿಆರ್‌ಎ ಕೂಡ ಹೆಚ್ಚು ದೂರವೇನಲ್ಲ.

ಹೆಚ್ಚಿನ ಸಂಸ್ಥೆಗಳು ಕೇಳುವುದು ಜೆಸ್ಟ್ ಅಂಕ, ಅಂದರೆ ಪಿಎಚ್‌.ಡಿ. ಪ್ರವೇಶಕ್ಕೆ ಹಲವು ಸಂಸ್ಥೆಗಳು ಸೇರಿ ನಡೆಸುವ ಪರೀಕ್ಷೆಯ ಅಂಕ. ಜೊತೆಗೆ ಸಿಎಸ್‌ಐಆರ್‌ ನೆಟ್, ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಗಳ ಅಂಕಗಳನ್ನೂ ಹಲವು ಕಡೆ ಒಪ್ಪುತ್ತಾರೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್‌ಆರ್) ತನ್ನದೇ ಪರೀಕ್ಷೆಯಿದೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ, ಜೆಸ್ಟ್ ಅಂಕ ಆ ವರ್ಷಕ್ಕೆ ಮಾತ್ರ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಫೆಲೋಶಿಪ್ ನಿಮ್ಮ ಜೊತೆಗೇ ಬರುವುದರಿಂದ ಮಾರ್ಗದರ್ಶಕರನ್ನು ಹುಡುಕುವುದು ಸುಲಭ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದಾಗ 42,000 ರೂಪಾಯಿ.

ಜೆಸ್ಟ್‌ನ ಇತ್ತೀಚಿನ ಮಾದರಿ ಹೀಗಿದೆ: ಮೂರು ಗಂಟೆ, 50 ಪ್ರಶ್ನೆ, 100 ಅಂಕ. ಒಂದು ಅಂಕದ 25 ಪ್ರಶ್ನೆಗಳಿಗೆ ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ. ಮೂರು ಅಂಕದ 15 ಪ್ರಶ್ನೆಗಳಿಗೆ ಒಂದು ಅಂಕ ಕಡಿತ. ಇನ್ನುಳಿದ ಹತ್ತಕ್ಕೆ ಪೂರ್ಣಾಂಕದಲ್ಲಿ ಉತ್ತರ ಬರೆಯಬೇಕು, ಒಂದೊಂದಕ್ಕೂ ಮೂರು ಅಂಕ, ಕಡಿತವಿಲ್ಲ. ಅಂದರೆ 30 ಅಂಕದ ಈ ಭಾಗದಲ್ಲಿ ಯಾವುದನ್ನೂ ಖಾಲಿ ಬಿಡುವಂತಿಲ್ಲ. ಉಳಿದವುಗಳಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಸೊನ್ನೆ. ಆದರೆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಖಚಿತವಾಗಿ ಹೊಡೆದುಹಾಕಲು ಬಂದರೆ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಆ ಒಂದನ್ನು ಹೊಡೆದುಹಾಕಲು ಡೈಮೆನ್ಷನ್ ಸರಿಯಿದೆಯೇ, ಮಿತಿಯಲ್ಲಿ ಉತ್ತರ ಗೊತ್ತಿರುವ ಸೂತ್ರಕ್ಕೆ ಇಳಿಯುತ್ತದೆಯೇ ಎಂದು ನೋಡಿದರೆ ಎಷ್ಟೋ ಸಲ ಸಾಕು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡೇ ಬಿಡಿಸಿ.

ಪರೀಕ್ಷೆ ಬರೆದವರು ಎಡವುವುದು ಇದರ ನಂತರ. ಜೆಸ್ಟ್ ಅರ್ಜಿಯೇ ಸಂಸ್ಥೆಯ ಅರ್ಜಿ ಎಂದುಕೊಂಡು ಕರೆ ಬರುವುದನ್ನು ಕಾಯುತ್ತ ಕೂರುತ್ತಾರೆ. ಕರೆ ಬರುವುದಿಲ್ಲ. ಪ್ರತಿ ಸಂಸ್ಥೆಗೂ ಬೇರೆಯಾಗಿ ಅರ್ಜಿ ಹಾಕಬೇಕು, ಪ್ರತಿಯೊಂದರ ಕೊನೆಯ ದಿನಾಂಕವೂ ಬೇರೆ. ಕೆಲವು ಕಡೆ ಫಲಿತಾಂಶಕ್ಕೆ ಮೊದಲೇ ಗಡುವು ಮುಗಿದಿರುತ್ತದೆ.

ದಾಖಲೆಗಳಲ್ಲಿ ನಮ್ಮ ಕಡೆಯವರಿಗೆ ಎರಡು ತೊಡಕು. ಒಂದು, ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕೆ’ ಎಂದಿದ್ದದ್ದು ಆಧಾರ್‌ನಲ್ಲಿ ಊರಿನ ಹೆಸರಾಗಿಯೋ ತಂದೆಯ ಹೆಸರಾಗಿಯೋ ಬಿಡಿಸಿಕೊಂಡಿರುತ್ತದೆ. ಎಲ್ಲ ಅರ್ಜಿಗಳಲ್ಲೂ ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ ಬರೆಯಿರಿ, ಆಧಾರ್ ಅನ್ನು ಮುಂಚಿತವಾಗಿಯೇ ಅದಕ್ಕೆ ಹೊಂದಿಸಿಕೊಳ್ಳಿ. ಇನ್ನೊಂದು, ಜಾತಿ ಪ್ರಮಾಣಪತ್ರ. ರಾಜ್ಯದ 2ಎ, 3ಬಿ ಪತ್ರ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ತಹಶೀಲ್ದಾರರಿಂದ ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಪತ್ರವನ್ನೇ ಪಡೆಯಬೇಕು, ಅದೂ ಸಂಸ್ಥೆ ಹೇಳಿದ ಅವಧಿಯದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲವಾದ್ದರಿಂದ ಮೊದಲು ಅದನ್ನು ನೋಡಿ.

ಶಿಫಾರಸು ಪತ್ರಕ್ಕೆ ಒಂದು ತಿಂಗಳು ಮೊದಲೇ ಮೇಷ್ಟ್ರನ್ನು ಕೇಳಿ. ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಯಾವ ಸಂಸ್ಥೆಗೆ ಯಾವ ದಿನಾಂಕ ಎಂಬ ಚೀಟಿ, ಮೂರನ್ನೂ ಒಟ್ಟಿಗೆ ಕೊಡಿ. ಪತ್ರ ತುಂಬುವ ಕೊಂಡಿ ಅವರ ಇಮೇಲ್‌ಗೆ ನೇರವಾಗಿ ಹೋಗುತ್ತದೆ, ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಗಡುವಿಗೆ ವಾರವಿರುವಾಗ ವಿನಯದಿಂದ ಒಮ್ಮೆ ನೆನಪಿಸುವುದು ತಪ್ಪಲ್ಲ. ‘ಒಳ್ಳೆಯ ನಡತೆಯ, ಶ್ರದ್ಧೆಯ ವಿದ್ಯಾರ್ಥಿ’ ಎಂಬ ಪತ್ರದಿಂದ ಆಯ್ಕೆ ಸಮಿತಿಗೆ ಏನೂ ತಿಳಿಯುವುದಿಲ್ಲ. ನೀವು ಮಾಡಿದ ಒಂದು ಕೆಲಸವನ್ನು ಹತ್ತಿರದಿಂದ ಕಂಡವರ ಪತ್ರ ಬೇಕು. ಅಂಥ ಕೆಲಸಕ್ಕೆ ವಿಜ್ಞಾನ ಅಕಾಡೆಮಿಗಳ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಒಳ್ಳೆಯ ದಾರಿ. ಅದು ಸಿಗದಿದ್ದರೂ ಆಸ್ಟ್ರೋಸ್ಯಾಟ್ ಮತ್ತು ಗಾಯಾ ಎಂಬ ಬಾಹ್ಯಾಕಾಶ ದೂರದರ್ಶಕಗಳ ದತ್ತಾಂಶ ಎಲ್ಲರಿಗೂ ಮುಕ್ತವಾಗಿದೆ. ಒಂದು ನಕ್ಷತ್ರಗುಚ್ಛದ ಬಣ್ಣ-ಕಾಂತಿ ನಕ್ಷೆಯನ್ನು ಪೈಥಾನ್‌ನಲ್ಲಿ ನೀವೇ ಬರೆದು, ದೋಷದ ಲೆಕ್ಕವನ್ನೂ ಮಾಡಿದ್ದರೆ ಉದ್ದೇಶ ಪತ್ರಕ್ಕೆ ಅದೇ ಜೀವಾಳ. ಬಾಲ್ಯದಲ್ಲಿ ಆಕಾಶ ನೋಡಿದ್ದನ್ನು ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ.

ಸೀಟು ನಿರ್ಧಾರವಾಗುವುದು ಸಂದರ್ಶನದಲ್ಲಿ, ಅಲ್ಲಿ ಕೇಳುವುದು ಬಿ.ಎಸ್‌ಸಿ. ಭೌತಶಾಸ್ತ್ರ. ನಮ್ಮ ಕತ್ತಲೆ ಕೋಣೆಯ ಸ್ಪೆಕ್ಟ್ರೋಮೀಟರ್ ಪ್ರಯೋಗದಿಂದಲೇ ಅರ್ಧ ಗಂಟೆ ಪ್ರಶ್ನೆ ಹುಟ್ಟಬಹುದು. ಸೋಡಿಯಂನ ಎರಡು ಹಳದಿ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್. ಬೇರೆಯಾಗಿ ಕಾಣಲು ಗ್ರೇಟಿಂಗ್‌ನಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೀರುಗಳ ಫಲಕ) ಎಷ್ಟು ಗೀರು ಬೇಕು? ತರಂಗಾಂತರವನ್ನು ವ್ಯತ್ಯಾಸದಿಂದ ಭಾಗಿಸಿದರೆ ಮೊದಲ ಆರ್ಡರ್‌ನಲ್ಲಿ ಸುಮಾರು ಸಾವಿರ. ಇಂಚಿಗೆ 15,000 ಗೀರಿನ ಗ್ರೇಟಿಂಗ್‌ನಲ್ಲಿ ಎರಡು ಮಿಲಿಮೀಟರ್ ಅಗಲಕ್ಕೆ ಬೆಳಕು ಬಿದ್ದರೂ ಸಾಕು. ಹಾಗಾದರೆ ಎಷ್ಟೋ ಸಲ ಒಂದೇ ಗೆರೆ ಕಂಡದ್ದೇಕೆ? ಎರಡರ ನಡುವಿನ ಕೋನ ಸುಮಾರು ಒಂದು ಮಿನಿಟು (ಡಿಗ್ರಿಯ ಅರವತ್ತನೇ ಒಂದು ಭಾಗ), ನಮ್ಮ ವರ್ನಿಯರ್‌ನ ಲೀಸ್ಟ್ ಕೌಂಟ್, ಅಂದರೆ ಅಳೆಯಬಲ್ಲ ಅತಿ ಚಿಕ್ಕ ಕೋನ ಕೂಡ ಅಷ್ಟೇ. ಸ್ಲಿಟ್ ಸ್ವಲ್ಪ ಅಗಲವಾದರೆ, ಬೆಳಕನ್ನು ಸಮಾನಾಂತರ ಮಾಡುವ ಕಾಲಿಮೇಟರ್ ಸ್ವಲ್ಪ ಫೋಕಸ್ ತಪ್ಪಿದರೆ ಎರಡೂ ಬೆರೆತುಹೋಗುತ್ತವೆ. ಸ್ಪೆಕ್ಟ್ರೋಮೀಟರನ್ನು ಫೋಕಸ್ ಮಾಡುವ ಶುಸ್ಟರ್ ವಿಧಾನವನ್ನು ರೆಕಾರ್ಡ್ ಪುಸ್ತಕಕ್ಕಾಗಿ ಮಾತ್ರ ಬರೆದವರಿಗೆ ಇದು ಹೊಳೆಯುವುದಿಲ್ಲ. ಅಲ್ಲಿಂದ ಪ್ರಶ್ನೆ ನಕ್ಷತ್ರಕ್ಕೆ ಹೋಗುತ್ತದೆ: ಆ ಗೆರೆ 0.6 ನ್ಯಾನೊಮೀಟರ್ ಕೆಂಪಿನ ಕಡೆ ಸರಿದಿದ್ದರೆ ವೇಗವೆಷ್ಟು? ಸೆಕೆಂಡಿಗೆ ಸುಮಾರು 300 ಕಿಲೋಮೀಟರ್, ನಮ್ಮಿಂದ ದೂರಕ್ಕೆ. ಸೂರ್ಯನ ವರ್ಣಪಟಲದಲ್ಲಿ ಅದೇ ಗೆರೆ ಕಪ್ಪಾಗಿ ಕಾಣುವುದೇಕೆ ಎಂಬುದು ಮುಂದಿನ ಪ್ರಶ್ನೆ.

ಅಂದಾಜು ಲೆಕ್ಕಗಳನ್ನೂ ಕೇಳುತ್ತಾರೆ. ಭೂಮಿಯ ಬಳಿ ಸೂರ್ಯನ ಬೆಳಕು ಚದರ ಮೀಟರಿಗೆ 1,361 ವ್ಯಾಟ್, ಸೂರ್ಯನ ದೂರ 15 ಕೋಟಿ ಕಿಲೋಮೀಟರ್. ಸೂರ್ಯನ ಕಾಂತಿ 3.8 × 10²⁶ ವ್ಯಾಟ್ ಎಂದು ಬೋರ್ಡಿನ ಮೇಲೆ ತೆಗೆಯಬೇಕು. ಗುರುತ್ವದ ಶಕ್ತಿಯಿಂದಷ್ಟೇ ಹೀಗೆ ಎಷ್ಟು ಕಾಲ ಬೆಳಗಬಹುದು? ಸುಮಾರು ಮೂರು ಕೋಟಿ ವರ್ಷ. ಭೂಮಿಗೇ 450 ಕೋಟಿ ವರ್ಷ ದಾಟಿರುವಾಗ ಬೇರೆ ಇಂಧನ ಬೇಕೇ ಬೇಕು. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 2.34 ಮೀಟರ್ ದೂರದರ್ಶಕದ ಸೈದ್ಧಾಂತಿಕ ಪೃಥಕ್ಕರಣ, ಅಂದರೆ ಅದು ಬೇರೆಯಾಗಿ ತೋರಿಸಬಲ್ಲ ಅತಿ ಚಿಕ್ಕ ಕೋನ, 0.06 ಆರ್ಕ್ ಸೆಕೆಂಡ್ (ಮಿನಿಟಿನ ಅರವತ್ತನೇ ಒಂದು ಭಾಗವೇ ಆರ್ಕ್ ಸೆಕೆಂಡ್), ವಾತಾವರಣ ಅದನ್ನು ಒಂದು ಆರ್ಕ್ ಸೆಕೆಂಡಿಗೂ ಮೀರಿ ಕಲಕುತ್ತದೆ. ಅಷ್ಟಾದರೂ ದೊಡ್ಡ ಕನ್ನಡಿ ಯಾಕೆ ಬೇಕೆಂದು ಕೇಳಿದರೆ, ಬೆಳಕು ಸಂಗ್ರಹಿಸುವುದು ವಿಸ್ತೀರ್ಣ ಎಂದು ಹೇಳಿ ಲೆಕ್ಕ ಹಾಕಿ ತೋರಿಸಬೇಕು.

‘ನಿಮ್ಮ ಇಷ್ಟದ ವಿಷಯ ಯಾವುದು?’ ಎಂದರೆ ಕಪ್ಪುಕುಳಿ ಎನ್ನಬೇಡಿ, ಆ ಸಮೀಕರಣಗಳನ್ನು ಬಿಡಿಸಲು ಬರದಿದ್ದರೆ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಥರ್ಮೋಡೈನಮಿಕ್ಸ್ ಎಂದು ಎರಡು ಹೇಳಿ, ಅವುಗಳಲ್ಲಿ ಬುಡದವರೆಗೆ ಸಿದ್ಧವಾಗಿರಿ. ಇಂಗ್ಲಿಷ್ ತಡವರಿಸಿದರೆ ಯಾರೂ ಅಂಕ ಕಳೆಯುವುದಿಲ್ಲ, ಚಿತ್ರ ಬರೆದು ವಿವರಿಸಿದರೆ ಸಾಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಹೀಗೆ ಪ್ರಯತ್ನಿಸುತ್ತೇನೆ’ ಎಂದು ಶುರುಮಾಡಿ. ಸುಳಿವು ಕೊಟ್ಟರೆ ಹಿಡಿಯುತ್ತೀರಾ ಎಂದು ನೋಡುವುದು ಅವರ ಉದ್ದೇಶ.

ಅಮೆರಿಕಕ್ಕೆ ಹೋಗಬೇಕೆಂದರೆ ಅರ್ಜಿಗಳು ಡಿಸೆಂಬರ್ ಹೊತ್ತಿಗೆ ಮುಗಿಯುತ್ತವೆ, ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ಭೌತಶಾಸ್ತ್ರದ ಜಿಆರ್‌ಇ ಪರೀಕ್ಷೆಯನ್ನು ಈಗ ಅನೇಕ ವಿಭಾಗಗಳು ಕೇಳುವುದಿಲ್ಲ. ಫೆಲೋಶಿಪ್ ಒಪ್ಪಿಗೆಗೆ ಏಪ್ರಿಲ್ 15ರ ತನಕ ಸಮಯ ಕೊಡುವುದು ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳ ಒಪ್ಪಂದ. ಅರ್ಜಿ ಶುಲ್ಕ ಭಾರವಾದರೆ ವಿನಾಯಿತಿ ಕೇಳಿ ಪತ್ರ ಬರೆಯಿರಿ, ಕೊಡುವವರಿದ್ದಾರೆ.

ಇಲ್ಲೇ ಸೇರಿದರೆ ಮೊದಲು ಕೋರ್ಸ್‌ವರ್ಕ್, ಆಮೇಲೆ ಮಾರ್ಗದರ್ಶಕರ ಆಯ್ಕೆ. ಅವಸರ ಬೇಡ. ಅವರ ಹಿಂದಿನ ವಿದ್ಯಾರ್ಥಿಗಳಿಗೆ ಪ್ರಬಂಧ ಮುಗಿಸಲು ಎಷ್ಟು ವರ್ಷ ಹಿಡಿಯಿತು, ದತ್ತಾಂಶ ಕೈಯಲ್ಲಿದೆಯೋ ಇನ್ನೂ ದೂರದರ್ಶಕದ ಸಮಯ ಸಿಗಬೇಕೋ, ವಾರಕ್ಕೊಮ್ಮೆಯಾದರೂ ಕೂತು ಮಾತಾಡುತ್ತಾರೋ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಊಟದ ಹೊತ್ತಿನಲ್ಲಿ ಕೇಳಿ ತಿಳಿದುಕೊಳ್ಳಿ.