ತಾಯಿಯ ವಂಶವನ್ನಷ್ಟೇ ಕೇಳಿ ಬರೆದ ವರದಿ

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕಾಡುಪ್ರಾಣಿಗಳ ಮಲ, ಕೂದಲು ಮತ್ತು ಒಣಗಿದ ಚರ್ಮದ ಚೂರುಗಳಿಂದ ಡಿಎನ್‌ಎ ಬೇರ್ಪಡಿಸಿ, ಅವು ಯಾವ ಪ್ರಾಣಿಯವೆಂದು ಗುರುತಿಸುವುದು ನನ್ನ ಕೆಲಸ. ಎರಡು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಬಯಲುಸೀಮೆಯಿಂದ ತಂದ ತೋಳದ ಮಾದರಿಗಳ ಬಗ್ಗೆ ನಾನು ಬರೆದಿದ್ದ ವರದಿಯೊಂದನ್ನು ಹಿಂದಕ್ಕೆ ಪಡೆದು ತಿದ್ದಿ ಬರೆಯಬೇಕಾಯಿತು. ಪ್ರಯೋಗದ ಯಾವ ಹಂತದಲ್ಲೂ ಲೋಪವಾಗಿರಲಿಲ್ಲ. ಆ ಪ್ರಯೋಗಕ್ಕೆ ಉತ್ತರಿಸಲು ಬಾರದ ಪ್ರಶ್ನೆಯೊಂದಕ್ಕೆ ಅದರ ಹೆಸರಿನಲ್ಲಿ ನಾನು ಉತ್ತರ ಕೊಟ್ಟುಬಿಟ್ಟಿದ್ದೆ.

ಮಾದರಿ ಸಂಗ್ರಹಕ್ಕೆ ನಾನೂ ಹೋಗಿದ್ದೆ. ಜೋಳದ ಕೊಯ್ಲು ಮುಗಿದು, ಗೊಬ್ಬರಕ್ಕೆಂದು ಕುರಿಮಂದೆಗಳನ್ನು ರಾತ್ರಿ ಹೊಲಗಳಲ್ಲಿ ನಿಲ್ಲಿಸುವ ಕಾಲವದು. ಬಿಸಿಲು ಮಲದಲ್ಲಿರುವ ಡಿಎನ್‌ಎಯನ್ನು ಬೇಗನೆ ಹಾಳುಮಾಡುವುದರಿಂದ ನಸುಕಿನಲ್ಲೇ ಹೊರಡುತ್ತಿದ್ದೆವು. ಪ್ರತಿ ಮಾದರಿಗೂ ಹೊಸ ಕೈಗವಸು ಹಾಕಿಕೊಂಡು, ಕರುಳಿನ ಒಳಪದರದ ಕೋಶಗಳು ಅಂಟಿಕೊಂಡಿರುವ ಹೊರಮೈಯನ್ನು ಮಾತ್ರ ಕೆರೆದು, ಆಲ್ಕೋಹಾಲ್ ತುಂಬಿದ ಕೊಳವೆಗೆ ಹಾಕಿ, ಸ್ಥಳದ ಜಿಪಿಎಸ್ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದೆವು. ಒಂದು ಮಂದೆಯ ಬಳಿ ಹಿರಿಯ ಕುರಿಗಾಹಿಯೊಬ್ಬರು ನಮ್ಮ ಕೆಲಸವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದು, ಕೊನೆಗೆ ಹೇಳಿದರು: "ಇಲ್ಲಿ ಅಡ್ಡಾಡೂದು ಖರೇ ತ್ವಾಳ ಅಲ್ಲವ್ವಾ. ಖರೇ ತ್ವಾಳ ಮನಶ್ಯಾರನ್ನ ಕಂಡ್ರ ನಿಲ್ಲೂದಿಲ್ಲ. ಇದು ನಿಂತು ನೋಡ್ತೈತಿ, ಬಾಲಾ ಮ್ಯಾಲೆತ್ತಿ ನಡೀತೈತಿ." ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ 'ಸ್ಥಳೀಯರ ಅಭಿಪ್ರಾಯ' ಎಂದು ಬರೆದುಕೊಂಡೆ. ವರದಿ ಬರೆಯುವಾಗ ಆ ಪುಟವನ್ನು ತೆರೆಯಲೇ ಇಲ್ಲ.

ನಮಗೆ ಒಪ್ಪಿಸಿದ್ದ ಕೆಲಸ ಪ್ರಭೇದ ಗುರುತಿಸುವುದು. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ. ಒಂದು ಕೋಶದಲ್ಲಿ ಕೋಶಕೇಂದ್ರದ ಡಿಎನ್‌ಎಯ ಎರಡೇ ಪ್ರತಿಗಳಿದ್ದರೆ, ಮೈಟೊಕಾಂಡ್ರಿಯಾದ ಡಿಎನ್‌ಎಯ ಪ್ರತಿಗಳು ನೂರಾರು, ಸಾವಿರಾರು ಇರುತ್ತವೆ. ಹೀಗಾಗಿ ಒಣಗಿ ಬಿರಿದ ಮಲದಿಂದಲೂ ಅದು ಸಿಗುತ್ತದೆ, ಖರ್ಚು ಕಡಿಮೆ, ಫಲಿತಾಂಶವೂ ಬೇಗ. ನಮ್ಮ ಪಿಸಿಆರ್, ಅಂದರೆ ಓದಲು ಸಾಕಾಗುವಷ್ಟು ಡಿಎನ್‌ಎ ಪ್ರತಿಗಳನ್ನು ಮಾಡಿಕೊಳ್ಳುವ ಕ್ರಿಯೆ, ಚೆನ್ನಾಗಿ ನಡೆದಿತ್ತು. ಮಾದರಿಯಿಲ್ಲದೆ ನಡೆಸುವ ಖಾಲಿ ಪರೀಕ್ಷೆಗಳಲ್ಲಿ ಏನೂ ಕಾಣಿಸಿಕೊಂಡಿರಲಿಲ್ಲ, ಅಂದರೆ ಬೇರೆ ಡಿಎನ್‌ಎ ಬೆರೆತಿರಲಿಲ್ಲ. ಆ ಮಂದೆಯ ಸುತ್ತ ಸಿಕ್ಕ ಮಾದರಿಗಳ ಅನುಕ್ರಮವು ಭಾರತೀಯ ತೋಳದ ಅನುಕ್ರಮಕ್ಕೆ ಸ್ಪಷ್ಟವಾಗಿ ಹೊಂದಿತು. ವರದಿಯ ಕೋಷ್ಟಕದಲ್ಲಿ ಅವುಗಳೆದುರು 'ತೋಳ' ಎಂದು ಬರೆದು ಕಳುಹಿಸಿದೆ.

ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ ಎಂಬುದು ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಆದರೆ ಅದು ಎಷ್ಟು ದೂರದವರೆಗೆ ದಾರಿ ತಪ್ಪಿಸಬಲ್ಲದು ಎಂಬುದನ್ನು ನನಗೆ ಮನದಟ್ಟು ಮಾಡಿದ್ದು ನಮ್ಮ ಊರಿನ ಕೊಟ್ಟಿಗೆಯ ಉದಾಹರಣೆ. ಮಲೆನಾಡು ಗಿಡ್ಡ ಹಸುವೊಂದಕ್ಕೆ ಜೆರ್ಸಿ ಹೋರಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸಿ, ಹುಟ್ಟಿದ ಹೆಣ್ಣುಕರುವಿಗೂ, ಅದರ ಕರುವಿಗೂ ಹಾಗೆಯೇ ಜೆರ್ಸಿಯನ್ನೇ ಮುಂದುವರಿಸಿದರೆ, ಐದನೆಯ ತಲೆಮಾರಿನ ಹೊತ್ತಿಗೆ ಕೋಶಕೇಂದ್ರದ ಡಿಎನ್‌ಎಯಲ್ಲಿ ಗಿಡ್ಡದ ಪಾಲು ಸರಾಸರಿ 32ರಲ್ಲಿ ಒಂದು ಭಾಗ, ಅಂದರೆ ಸುಮಾರು ಶೇಕಡ 3 ಮಾತ್ರ ಉಳಿದಿರುತ್ತದೆ. ನೋಡಿದವರು ಯಾರೂ ಅದನ್ನು ಗಿಡ್ಡ ಎನ್ನುವುದಿಲ್ಲ. ಆದರೂ ಅದರ ಮೈಟೊಕಾಂಡ್ರಿಯಾವನ್ನಷ್ಟೇ ಪರೀಕ್ಷಿಸಿದರೆ ಮೊದಲ ಅಜ್ಜಿ ಹಸುವಿನ ಗುರುತೇ ಒಂದಿಷ್ಟೂ ಮಾಸದೆ ಕಾಣುತ್ತದೆ. ತೋಳ ಮತ್ತು ನಾಯಿಯ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಎರಡರಲ್ಲೂ ಇರುವುದು 78 ವರ್ಣತಂತುಗಳು. ಅವು ಕೂಡಿದರೆ ಹುಟ್ಟುವ ಮರಿಗಳು ಬಂಜೆಯಾಗಿರುವುದಿಲ್ಲ. ಯುರೋಪಿನಲ್ಲಿ ಗುರುತಿಸಿದ ಇಂಥ ಮಿಶ್ರತಳಿಗಳಲ್ಲಿ ಹೆಚ್ಚಿನವು ಹೆಣ್ಣು ತೋಳ ಮತ್ತು ಗಂಡು ನಾಯಿ ಕೂಡಿ ಹುಟ್ಟಿದವು. ಹಾಗೆ ಹುಟ್ಟಿದ ಪ್ರತಿಯೊಂದು ಮರಿಯೂ ನಾನು ಮಾಡಿದ ಪರೀಕ್ಷೆಯಲ್ಲಿ ತೋಳವೆಂದೇ ತೇರ್ಗಡೆಯಾಗುತ್ತದೆ.

ವರದಿ ತಲುಪಿದ ಕೆಲವು ವಾರಗಳಿಗೆ ಅರಣ್ಯಾಧಿಕಾರಿಯೊಬ್ಬರು ಅದೇ ಜಾಗದ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರವೊಂದನ್ನು ಕಳುಹಿಸಿ, "ನಿಮ್ಮ ವರದಿಯಲ್ಲಿರುವ ತೋಳ ಇದೇನಾ ಮೇಡಂ?" ಎಂದು ಕೇಳಿದರು. ಬಾಲ ಬೆನ್ನಿನ ಮೇಲಕ್ಕೆ ಬಾಗಿತ್ತು, ಕುತ್ತಿಗೆಯ ಮೇಲೆ ಬಿಳಿಯ ಮಚ್ಚೆಯಿತ್ತು. ಆಗ ನನಗೆ ನೆನಪಾದದ್ದು ಕುರಿಗಾಹಿ ಅಜ್ಜನ ಮಾತು. ಪುಣೆಯ ಸುತ್ತಲಿನ ಹುಲ್ಲುಗಾವಲಿನಲ್ಲಿ ತೋಳ ಮತ್ತು ನಾಯಿ ಬೆರೆತಿರುವುದನ್ನು ಎನ್‌ಸಿಬಿಎಸ್, ಏಟ್ರೀ ಮತ್ತು ದಿ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್ ಸಂಸ್ಥೆಗಳ ಸಂಶೋಧಕರು ಜೀನೋಮ್ ಮಟ್ಟದಲ್ಲಿ ತೋರಿಸಿ 2023ರಲ್ಲಿ ಪ್ರಕಟಿಸಿದ್ದ ಅಧ್ಯಯನವನ್ನು ನಾನು ಓದಿದ್ದೆ. ಅಲ್ಲಿಯೂ ಬಣ್ಣ ಮತ್ತು ಮೈಕಟ್ಟು ಬೇರೆಯಾಗಿ ಕಂಡ ಪ್ರಾಣಿಗಳ ಬಗ್ಗೆ ಮೊದಲು ಸುಳಿವು ಕೊಟ್ಟವರು ಹುಲ್ಲುಗಾವಲಿನಲ್ಲಿ ಓಡಾಡುವ ಜನರೇ. ಓದಿದ್ದೂ ನನ್ನ ಕೈಯಲ್ಲಿದ್ದ ಕೊಳವೆಗಳಿಗೆ ಅದನ್ನು ಅನ್ವಯಿಸಿ ನೋಡದೆ ಹೋದದ್ದು ನನಗೆ ಇಂದಿಗೂ ನೋವಿನ ವಿಷಯ.

ಉಳಿದಿದ್ದ ಡಿಎನ್‌ಎಯಿಂದ ಮತ್ತೆ ಆರಂಭಿಸಿದೆವು. ಕೋಶಕೇಂದ್ರದ ಗುರುತುಗಳನ್ನು, ಅಂದರೆ ತೋಳಕ್ಕೂ ನಾಯಿಗೂ ವ್ಯತ್ಯಾಸ ತೋರಿಸುವ ಡಿಎನ್‌ಎ ತಾಣಗಳನ್ನು, ಮಲದಿಂದ ಓದುವುದು ತಾಳ್ಮೆಯ ಕೆಲಸ. ಪ್ರತಿಗಳು ತೀರಾ ಕಡಿಮೆಯಿರುವಾಗ, ತಾಯಿಯಿಂದ ಮತ್ತು ತಂದೆಯಿಂದ ಬಂದ ಎರಡು ರೂಪಗಳಲ್ಲಿ ಒಂದು ಪಿಸಿಆರ್‌ನಲ್ಲಿ ವೃದ್ಧಿಯಾಗದೇ ಉಳಿದು, ಇರುವುದು ಒಂದೇ ರೂಪವೆಂದು ತೋರಬಹುದು. ಆದ್ದರಿಂದ ಒಂದೊಂದು ಗುರುತನ್ನೂ ಹಲವು ಬಾರಿ ಓದಿ, ಮರಳಿ ಮರಳಿ ಅದೇ ಉತ್ತರ ಬಂದಾಗ ಮಾತ್ರ ಒಪ್ಪಿಕೊಳ್ಳಬೇಕು. ಹೋಲಿಕೆಗೆ ಬಳಸುವ ನಾಯಿಗಳ ಆಯ್ಕೆಯೂ ಮುಖ್ಯ. ಪೇಟೆಯಲ್ಲಿ ಸಾಕುವ ವಿದೇಶಿ ತಳಿಗಳ ಡಿಎನ್‌ಎ ಇಟ್ಟುಕೊಂಡು ಹಳ್ಳಿಯ ನಾಯಿಯ ಅಂಶವನ್ನು ಹುಡುಕಿದರೆ ಸಿಗಬೇಕಾದದ್ದು ಸಿಗದೆ ಹೋಗಬಹುದು. ಆದುದರಿಂದ ಮತ್ತೆ ಅದೇ ಊರುಗಳಿಗೆ ಹೋಗಿ, ಮಾಲೀಕರ ಒಪ್ಪಿಗೆ ಪಡೆದು, ಮಂದೆ ಕಾಯುವ ನಾಯಿಗಳ ಎಂಜಲಿನ ಮಾದರಿಗಳನ್ನು ತಂದೆವು. ಗಂಡು ಪ್ರಾಣಿಯ ಮಾದರಿಗಳಲ್ಲಿ ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ವರ್ಣತಂತುವನ್ನೂ ನೋಡಿದೆವು. ಒಂದು ಮಾದರಿಯಲ್ಲಿ ಮೈಟೊಕಾಂಡ್ರಿಯಾ ತೋಳದ್ದು, ವೈ ವರ್ಣತಂತು ಆ ಊರುಗಳ ನಾಯಿಯದು, ಉಳಿದ ಗುರುತುಗಳಲ್ಲಿ ಎರಡರ ಪಾಲೂ ಹೆಚ್ಚುಕಡಿಮೆ ಸಮ. ತಾಯಿ ತೋಳ, ತಂದೆ ನಾಯಿ.

ಇದು ಕೋಷ್ಟಕದ ಒಂದು ಸಾಲಿನ ತಿದ್ದುಪಡಿಯಷ್ಟೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಭಾರತದಲ್ಲಿ ಉಳಿದಿರುವ ಬಯಲುಸೀಮೆಯ ತೋಳಗಳು ಸುಮಾರು ಮೂರು ಸಾವಿರ ಎಂಬುದು ಅಂದಾಜು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಬೀದಿನಾಯಿಗಳೇ ಒಂದೂವರೆ ಕೋಟಿಗೂ ಹೆಚ್ಚು. ಹುಲ್ಲುಗಾವಲು ಹೊಲವಾಗಿ, ಬಡಾವಣೆಯಾಗಿ ಕರಗಿದಂತೆ ತೋಳದ ಗುಂಪುಗಳು ಚದುರುತ್ತವೆ; ತನ್ನ ಜಾತಿಯ ಜೊತೆಗಾರ ಸಿಗದ ಹೆಣ್ಣು ತೋಳಕ್ಕೆ ಹತ್ತಿರದಲ್ಲಿರುವುದು ನಾಯಿ. ಇಂಥ ಜಾಗದಲ್ಲಿ ಮಿಶ್ರತಳಿಯನ್ನೂ ತೋಳವೆಂದು ಎಣಿಸಿದರೆ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ, ಕಾಪಾಡಬೇಕಾದ ವಂಶವಾಹಿ ಮಾತ್ರ ಸದ್ದಿಲ್ಲದೆ ತೆಳುವಾಗುತ್ತ ಹೋಗುತ್ತದೆ.

ಈಗ ನಮ್ಮ ವರದಿಗಳಲ್ಲಿ ಮೈಟೊಕಾಂಡ್ರಿಯಾದ ಪರೀಕ್ಷೆಯನ್ನಷ್ಟೇ ಮಾಡಿದ್ದರೆ 'ತೋಳ' ಎಂದು ಬರೆಯುವುದಿಲ್ಲ, 'ತಾಯಿಯ ಕಡೆಯ ವಂಶ ತೋಳದ್ದು' ಎಂದು ಬರೆಯುತ್ತೇವೆ. ಕುರಿಗಾಹಿಗಳು ಕಂಡ ನಡಿಗೆ, ಬಾಲ, ಬಣ್ಣದ ವಿವರಗಳಿಗೆ ಮಾದರಿಯ ಚೀಟಿಯಲ್ಲೇ ಜಾಗವಿದೆ. ಅನುಮಾನವಿದೆ ಎಂದು ಅವರು ಹೇಳಿದ ಮಾದರಿಗಳಿಗೆ ಕೋಶಕೇಂದ್ರದ ಪರೀಕ್ಷೆ ಮೊದಲು ನಡೆಯುತ್ತದೆ. ಇದರಿಂದ ಖರ್ಚು ಹೆಚ್ಚಾಗಿದೆ, ವರದಿ ತಡವಾಗುತ್ತದೆ. ಅದನ್ನು ಕೆಲಸ ಒಪ್ಪಿಸುವವರಿಗೆ ಮೊದಲೇ ವಿವರಿಸುತ್ತೇನೆ.

ತಿದ್ದಿದ ವರದಿ ಕಳುಹಿಸಿದ ಮೇಲೆ ಆ ಅಜ್ಜನನ್ನು ಹುಡುಕಿಕೊಂಡು ಹೋಗಿ, "ನೀವು ಹೇಳಿದ್ದು ಸರಿಯಿತ್ತು ಅಜ್ಜಾರ, ಅದರ ಅಪ್ಪ ನಾಯಿ" ಎಂದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅದು ಈಗ ಒಂದು ಹೆಣ್ಣು ತ್ವಾಳದ ಕೂಡ ಅಡ್ಡಾಡಾಕತ್ತೈತಿ. ಮರಿ ಆದ್ರ ಅವ್ನ ಏನಂತ ಬರಕೋತೀಯವ್ವಾ?" ಎಂದು ಕೇಳಿದರು. ಆ ಮರಿಗಳಲ್ಲಿ ನಾಯಿಯ ಪಾಲು ಸರಾಸರಿ ಕಾಲು ಭಾಗಕ್ಕೆ ಇಳಿದಿರುತ್ತದೆ, ಅವೂ ತೋಳಗಳೊಡನೆಯೇ ಕೂಡಿದರೆ ಅವುಗಳ ಮರಿಗಳಲ್ಲಿ ಎಂಟನೆಯ ಒಂದಕ್ಕೆ; ಅಷ್ಟು ಸಣ್ಣ ಪಾಲನ್ನು ಹಿಡಿಯಲು ನಾವು ಬಳಸಿದ ಹತ್ತಿಪ್ಪತ್ತು ಗುರುತುಗಳು ಸಾಲುವುದಿಲ್ಲ, ಸಾವಿರಾರು ಬೇಕಾಗುತ್ತವೆ. ಇದನ್ನು ಅವರಿಗೆ ತಿಳಿಯುವಂತೆ ಹೇಳಿ, ಮರಿಗಳು ಕಂಡ ದಿನ ಫೋನ್ ಮಾಡಿರೆಂದು ಕೇಳಿಕೊಂಡು, ಮಂದೆಯ ಹುಡುಗನ ಕೈಗೆ ಖಾಲಿ ಕೊಳವೆಗಳ ಪೆಟ್ಟಿಗೆಯನ್ನು ಕೊಟ್ಟು ಬಂದೆ.