ಸಮುದ್ರದ ಬಾತುಕೋಳಿ ಬೇಟೆಗೆ ಗೈಡ್ ಹುಡುಕಿದ ಕಥೆ

ನಾನು ಬಾಸ್ಟನ್‌ನ ಒಂದು ಸಣ್ಣ ಕಂಪನಿಯಲ್ಲಿ ಆಪರೇಷನ್ಸ್ ನೋಡ್ಕೊಳ್ತೀನಿ, ಅಂದ್ರೆ ಪರ್ಚೇಸ್, ಟ್ರಾವೆಲ್, ಕ್ಲೈಂಟ್ ಬಂದ್ರೆ ಊಟ ಹೋಟೆಲ್ಲು, ಒಟ್ನಲ್ಲಿ ಯಾರಿಗೂ ಬೇಡದ ಕೆಲಸ ಎಲ್ಲಾ ನನ್ನ ತಲೆಗೆ. ಹೋದ ಅಕ್ಟೋಬರ್‌ನಲ್ಲಿ ಬಾಸ್ ಬಂದು, ಒಹಾಯೋದಿಂದ ನಾಲ್ಕು ಜನ ಡಿಸೆಂಬರ್‌ಗೆ ಬರ್ತಾರೆ, ಮೇಯ್ನ್ ರಾಜ್ಯದ ಕಡಲಲ್ಲಿ ಈಡರ್ ಹೊಡೀಬೇಕಂತೆ, ಗೈಡ್ ನೋಡು ಅಂದ್ರು.

ಈಡರ್ ಅಂದ್ರೆ ಏನಂತಾನೇ ಗೊತ್ತಿರ್ಲಿಲ್ಲ. ದಪ್ಪ ಕಡಲ ಬಾತು, ಗಂಡಿಗೆ ಬೆನ್ನು ಬಿಳಿ ಹೊಟ್ಟೆ ಕಪ್ಪು, ಮಂಗಳೂರು ಕಡೆ ಪಚ್ಚಿಲೆ ಅಂತಾರಲ್ಲ ಆ ಥರದ್ದನ್ನ ಚಿಪ್ಪು ಸಮೇತ ನುಂಗುತ್ತೆ. ನಮ್ಮೂರು ಶಿರಹಟ್ಟಿ ತಾಲೂಕು, ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟ್ಕೊಂಡು ಹೆಬ್ಬಾತು ಬರ್ತಾವೆ, ಅವನ್ನ ನೋಡ್ಕೊಂಡು ಬೆಳೆದೋನಿಗೆ ಈ ಕೆಲಸ. ಅವ್ವನಿಗೆ ಫೋನಲ್ಲಿ ಹೇಳಿದ್ರೆ "ಬಾತುಕೋಳಿ ಹೊಡ್ಯಾಕ ಅಷ್ಟ್ ರೊಕ್ಕ ಕೊಡ್ತಾರೇನೋ?" ಅಂದ್ಲು.

ತಪ್ಪು ನಂದೇ. ವೆಬ್‌ಸೈಟಲ್ಲಿ ಯಾರ ಫೋಟೋ ಚೆನ್ನಾಗಿದೆ, ಯಾರ ರೇಟ್ ಕಮ್ಮಿ ಅಂತ ನೋಡಿ ಒಬ್ಬನಿಗೆ ಶನಿವಾರ ಭಾನುವಾರ ಬುಕ್ ಮಾಡಿ ಅಡ್ವಾನ್ಸ್ ಕಳಿಸ್ಬಿಟ್ಟೆ. ಪುಣ್ಯಾತ್ಮ ಐದು ನಿಮಿಷದಲ್ಲಿ ಕನ್ಫರ್ಮ್ ಅಂದ. ಪ್ಲಾನ್ ಕಳಿಸಿದ ದಿನಾನೇ ಕ್ಲೈಂಟ್‌ನಲ್ಲಿ ವಯಸ್ಸಾದ ಒಬ್ರು ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು: ಮೇಯ್ನ್‌ನಲ್ಲಿ ಭಾನುವಾರ ಬೇಟೇನೇ ಇಲ್ಲಪ್ಪಾ! ಅದು ಗೊತ್ತಿಲ್ದೇ ಇರೋನು ಎಂಥಾ ಗೈಡು? ಲೈಸೆನ್ಸ್ ಕೇಳಿದೆ, "ಮಾಡಿಸ್ತಾ ಇದೀನಿ" ಅಂದ. ಅಲ್ಲಿ ದುಡ್ಡು ತಗೊಂಡು ಬೇಟೆಗೆ ಕರ್ಕೊಂಡ್ ಹೋಗೋಕೆ ರಾಜ್ಯದ ಗೈಡ್ ಲೈಸೆನ್ಸ್ ಬೇಕೇ ಬೇಕು, 1897ರಿಂದ ಇರೋ ಪದ್ಧತಿ, ಮೊದಲ ಲೈಸೆನ್ಸ್ ತಗೊಂಡಿದ್ದು ಕಾರ್ನೀಲಿಯಾ ಕ್ರಾಸ್ಬಿ ಅನ್ನೋ ಹೆಂಗಸು. ಕಡಲಲ್ಲಿ ಬಾಡಿಗೆಗೆ ಜನರನ್ನ ಬೋಟಲ್ಲಿ ಕೂರಿಸ್ಕೊಂಡು ಹೋಗ್ಬೇಕಂದ್ರೆ ಅದರ ಮೇಲೆ ಕೋಸ್ಟ್ ಗಾರ್ಡ್‌ದು ಕ್ಯಾಪ್ಟನ್ ಲೈಸೆನ್ಸ್ ಬೇರೆ. ಎರಡೂ ಇದೆಯಾ ಅಂತ ಕೇಳೋದು ಬಿಟ್ಟು ನಾನು ಫೋಟೋದಲ್ಲಿ ಹಕ್ಕಿ ಎಣಿಸ್ತಾ ಕೂತಿದ್ದೆ. ಆ ರಾಶಿ ಎಲ್ಲಾ ಹಳೇ ಲೆಕ್ಕ ಅಂತ ಆಮೇಲೆ ಗೊತ್ತಾಯ್ತು, 2022ರಲ್ಲಿ ಕಡಲ ಬಾತಿನ ಪ್ರತ್ಯೇಕ ಸೀಸನ್ನೇ ತೆಗೆದುಬಿಟ್ಟಿದ್ದಾರೆ, ದಿನಕ್ಕೆ ಇಷ್ಟೇ ಹಕ್ಕಿ ಅನ್ನೋ ಲಿಮಿಟ್ಟೂ ಕಮ್ಮಿ.

ಎರಡನೇ ಸಲ ಮೇಯ್ನ್‌ನದೇ ಕ್ಯಾಸ್ಕೋ ಬೇ ಅನ್ನೋ ಕೊಲ್ಲಿ ಕಡೆ ನಾಲ್ಕು ಜನಕ್ಕೆ ಫೋನ್ ಮಾಡಿದೆ. ಮೂರು ಜನ ಮೊದಲು ರೇಟ್ ಹೇಳಿದ್ರು. ನಾಲ್ಕನೇ ಅಜ್ಜ ರೇಟ್ ಬಾಯಿಬಿಡದೆ ನನ್ನೇ ವಿಚಾರಣೆ ಮಾಡ್ದ: ಒಬ್ಬೊಬ್ರ ತೂಕ ಎಷ್ಟು, ಚಳಿಗಾಲದ ಕಡಲು ನೋಡಿದಾರಾ, ಹಾರ್ಟ್ ಪ್ರಾಬ್ಲಂ ಇದೆಯಾ, ತಿನ್ನೋಕಾ ಸ್ಟಫ್ ಮಾಡ್ಸಿ ಗೋಡೆಗೆ ಹಾಕೋಕಾ, ಬಾತು ಬೇಟೆಗೆ ಬೇಕಾದ 25 ಡಾಲರ್‌ನ ಸರ್ಕಾರಿ ಡಕ್ ಸ್ಟ್ಯಾಂಪ್ ತಗೊಂಡಿದಾರಾ, ಸ್ಟೀಲ್ ಗುಂಡು ತರ್ತಾರಾ. ಸೀಸದ ಗುಂಡು 1991ರಿಂದ ಬಾತು ಬೇಟೆಗೆ ದೇಶಕ್ಕೇ ಬ್ಯಾನ್ ಅಂತೆ. ನಾನೂ ಒಂದು ಕೇಳಿದೆ, ಇವ್ರನ್ನ ಹೊಡೆಯೋಕೆ ಕಡಲ ಬಂಡೆ ಮೇಲೆ ಇಳಿಸಿದ್ಮೇಲೆ ನಿಮ್ಮ ಬೋಟ್ ಎಲ್ಲಿರುತ್ತೆ ಅಂತ. "ಕಣ್ಣಿಗೆ ಕಾಣೋ ಕಡೆ. ಉಬ್ಬರ ಬಂದ್ರೆ ಆ ಬಂಡೆ ಇರಲ್ಲ" ಅಂದ. ಆಗ್ಲೇ ಇವನೇ ಅಂತ ಫಿಕ್ಸ್ ಆದೆ. ಗುರುವಾರ ಬುಕ್ ಮಾಡು, ಶುಕ್ರವಾರ ಶನಿವಾರ ಖಾಲಿ ಇಟ್ಕೋ ಅಂದಿದ್ದೂ ಅವನೇ.

ಗುರುವಾರ ಬೆಳಗಿನ ಜಾವ ನಾಲ್ಕೂವರೆಗೆ ಜೆಟ್ಟಿ ಮೇಲೆ ಎಲ್ರೂ ಗನ್ ಹಿಡ್ಕೊಂಡು ರೆಡಿ, ಹಗ್ಗದ ಮೇಲೆ ಐಸ್ ಕಟ್ಟಿದೆ. ಅಜ್ಜ ಗ್ಲೌಸ್ ಬಿಚ್ಚಿ ಕೈ ಮೇಲೆತ್ತಿ ಗಾಳಿ ನೋಡ್ದ, ಕತ್ತಲಲ್ಲಿ ಅಲೆ ಸದ್ದು ಒಂದೆರಡು ನಿಮಿಷ ಕೇಳಿಸ್ಕೊಂಡ, "ಇವತ್ತಿಲ್ಲ" ಅಂದ, ಟ್ರಕ್ ಹತ್ತಿ ಹೋಗೇಬಿಟ್ಟ. ಬಾಸ್ ಫೋನಲ್ಲಿ ಕೆಂಡಾಮಂಡಲ.

ಶುಕ್ರವಾರ ನೀರು ತಟ್ಟೆ ಥರ ಇತ್ತು. ಇಬ್ಬಿಬ್ಬರನ್ನೇ ಬಂಡೆ ಮೇಲೆ ಇಳಿಸ್ದ, ನಾನು ಬೋಟಲ್ಲಿ ಅವನ ಪಕ್ಕ ಕೂತು ಹಲ್ಲು ಕಟಕಟ. ಗಾಯ ಆದ ಈಡರ್ ಮುಳುಗಿ ಎಲ್ಲೋ ದೂರ ಏಳುತ್ತೆ, ಅದನ್ನ ಬಿಟ್ಟು ಬರೋ ಹಾಗಿಲ್ಲ ಅಂತ ಒಂದರ ಹಿಂದೇನೇ ಇಪ್ಪತ್ತು ನಿಮಿಷ ಸುತ್ತಿದ. ಅದು ಮಾತ್ರ ನಂಗೆ ನೋಡೋಕಾಗ್ಲಿಲ್ಲ, ಮುಖ ತಿರುಗಿಸ್ಕೊಂಡೆ. ವಾಪಸ್ ಬರುವಾಗ ಆ ಬಂಡೆ ಹುಡುಕಿದೆ, ಕಾಣ್ಲೇ ಇಲ್ಲ.

ಮೊದಲನೇ ಗೈಡ್‌ಗೆ ಕೊಟ್ಟ ಅಡ್ವಾನ್ಸ್ ಇನ್ನೂ ಬಂದಿಲ್ಲ. ಎಕ್ಸ್‌ಪೆನ್ಸ್ ಶೀಟಲ್ಲಿ ಅದನ್ನ 'ಟ್ರೈನಿಂಗ್' ಅಂತ ಹಾಕಿದ್ದೆ, ಬಾಸ್ ಏನೂ ಕೇಳ್ದೆ ಸೈನ್ ಮಾಡಿದ್ರು.